ಹಳೇ ಪಿಕಪ್ ಬಾಗಿಲಿನ ಹಿಂಜ್ ಪಿನ್ ಜಪ್ಪಯ್ಯ ಅಂದರೂ ಬರದಿದ್ದರೆ

ಹಳೇ ಶೆವರ್ಲೆ ಪಿಕಪ್ ತಂದು ಮನೆ ಮುಂದೆ ನಿಲ್ಲಿಸಿಕೊಂಡವರು ಮೊದಲು ಎಂಜಿನ್ ಬಗ್ಗೆ ಕೇಳುತ್ತಾರೆ. ಆಮೇಲೆ ಬಣ್ಣದ ಬಗ್ಗೆ. ಬಾಗಿಲು ಜೋತುಬಿದ್ದು, ಮುಚ್ಚುವಾಗಲೆಲ್ಲ ಕೈಯಲ್ಲಿ ಎತ್ತಿ ತಳ್ಳಬೇಕಾದಾಗ ಮಾತ್ರ ಹಿಂಜ್, ಅಂದರೆ ಬಾಗಿಲನ್ನು ಗಾಡಿಯ ಕಂಬಕ್ಕೆ ಹಿಡಿದಿರುವ ಕೀಲು, ನೆನಪಾಗುತ್ತದೆ. ಅದರ ಕೊಳವೆಯೊಳಗಿನ ಕಡ್ಡಿ, ಅಂದರೆ ಪಿನ್, ಸವೆದಿದೆ, ಹೊಸದು ಹಾಕೋಣ ಅಂತ ಹೊರಟರೆ ಹಳೇದು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ದೊಡ್ಡ ಸುತ್ತಿಗೆ ತಂದು ಬಾರಿಸುತ್ತಾರೆ. ಪಿನ್ನಿನ ತುದಿ ಚಪ್ಪಟೆಯಾಗಿ ಅಗಲವಾಗುತ್ತದೆ. ಅಗಲವಾದದ್ದು ತೂತಿನೊಳಗೆ ಹೇಗೆ ಹೋದೀತು ಹೇಳಿ? ಅಲ್ಲಿಂದ ಮುಂದೆ ಕೆಲಸ ಎರಡು ಪಟ್ಟಾಗುತ್ತದೆ.

ನಾನಿರುವ ಅಮೆರಿಕದ ಮಿಷಿಗನ್‌ನಲ್ಲಿ ಈ ತೊಂದರೆ ಜಾಸ್ತಿ. ಚಳಿಗಾಲದಲ್ಲಿ ಮಂಜುಗಡ್ಡೆ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಇಲ್ಲಿನ ಡೆಟ್ರಾಯಿಟ್ ಊರಿನ ಕೆಳಗೇ, ಸುಮಾರು 1,200 ಅಡಿ ಆಳದಲ್ಲಿ, ಉಪ್ಪಿನ ಗಣಿ ಇದೆ. ಉಪ್ಪು ಬೆರೆತ ನೀರು ಹಿಂಜ್‌ನ ಸಂದಿಗೆ ಇಳಿದರೆ ಬೇಗ ಆರುವುದಿಲ್ಲ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಜಾಸ್ತಿ ಜಾಗ ಬೇಡುತ್ತದೆ. ಹೊರಗೆ ಬರಲು ದಾರಿ ಇಲ್ಲ, ಹಾಗಾಗಿ ಒಳಗೇ ಉಬ್ಬಿ ಪಿನ್ನನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಮಂಗಳೂರು, ಕಾರವಾರದ ಕಡೆ ಕಡಲ ಗಾಳಿಗೆ ನಿಂತ ಹಳೇ ಗಾಡಿಗಳಲ್ಲೂ ಇದೇ ಕಥೆ. ಶೆವರ್ಲೆ ಅಂದರೆ ನಮ್ಮ ಹಿಂದಿನವರಿಗೂ ಹೊಸ ಹೆಸರೇನಲ್ಲ. ಅದನ್ನು ಮಾಡುವ ಜನರಲ್ ಮೋಟರ್ಸ್ ಕಂಪನಿ 1928ರಲ್ಲೇ ಬೊಂಬಾಯಿಯ ಸೆವ್ರಿಯಲ್ಲಿ ಗಾಡಿ ಜೋಡಿಸಲು ಶುರು ಮಾಡಿ 1954ರಲ್ಲಿ ನಿಲ್ಲಿಸಿತು. ಅಂಥ ಗಾಡಿ ಊರಲ್ಲಿ ಇಟ್ಟುಕೊಂಡವರಿಗೂ ನಾನು ಹೇಳುವುದು ಒಂದೇ.

ಪಿನ್ ತೆಗೆಯುವುದರಲ್ಲಿ ಏಟಿನ ಜೋರಿಗಿಂತ ಕೆಳಗಿನ ಆಧಾರ ಮುಖ್ಯ. ಹಿಂಜ್ ಗಾಡಿಯ ಮೇಲೇ ಇದ್ದಾಗ ಹೊಡೆದರೆ ಬಾಗಿಲು, ಕಂಬ, ತಗಡು ಎಲ್ಲ ಸೇರಿ ಆ ಏಟನ್ನು ನುಂಗಿಬಿಡುತ್ತವೆ. ಮೆತ್ತನೆ ಮಣ್ಣಿನ ಮೇಲೆ ಸೌದೆ ಇಟ್ಟು ಕೊಡಲಿ ಹಾಕಿದ ಹಾಗೆ. ಪಿನ್ ಅಲ್ಲೇ ಇರುತ್ತದೆ, ಸುತ್ತಲಿನ ತಗಡು ಬಗ್ಗುತ್ತದೆ. ಅದಕ್ಕೇ ಹಿಂಜನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ತಂದುಕೊಳ್ಳಿ ಅನ್ನುತ್ತೇನೆ. 1973ರಿಂದ 87ರವರೆಗಿನ ಶೆವರ್ಲೆಗಳಲ್ಲೂ ಹಿಂಜ್ ಬೋಲ್ಟ್ ಹಾಕಿ ಕೂರಿಸಿದ್ದೇ, ಬಿಚ್ಚಲು ಬರುತ್ತದೆ.

ಬಿಚ್ಚುವ ಮುಂಚೆ ಹಿಂಜ್ ಕೂತಿರುವ ಜಾಗದ ಸುತ್ತ ಚೂಪು ಮೊಳೆಯಿಂದ ಗೀರು ಹಾಕಿಕೊಳ್ಳಿ. ಪೆನ್ಸಿಲ್ ಗೆರೆ ಎಣ್ಣೆಗೆ ಅಳಿಸಿಹೋಗುತ್ತದೆ. ಪಿನ್ನಿನ ತಲೆ ಮೇಲಿದೆಯೋ ಕೆಳಗಿದೆಯೋ ಫೋಟೋ ತೆಗೆದಿಡಿ. ಎರಡೂ ಬಾಗಿಲು ಒಟ್ಟಿಗೆ ಬಿಚ್ಚಬೇಡಿ. ಒಂದು ಕಡೆ ಹಾಗೇ ಇದ್ದರೆ ಯಾವುದು ಎಲ್ಲಿತ್ತು ಅಂತ ನೋಡಿಕೊಳ್ಳಬಹುದು. ಬಾಗಿಲ ಕೆಳಗೆ ಜಾಕ್ ಇಟ್ಟು, ಮಧ್ಯೆ ಮರದ ಹಲಗೆ, ಅದರ ಮೇಲೆ ದಪ್ಪ ಬಟ್ಟೆ ಕೊಡಿ. ಜೊತೆಗೆ ಇನ್ನೊಬ್ಬರು ಇರಲೇಬೇಕು. ಕೆಲವು ಹಿಂಜ್‌ಗಳಲ್ಲಿ ಬಾಗಿಲು ತೆರೆದು ನಿಲ್ಲಲಿ ಅಂತ ಬಲವಾದ ಸ್ಪ್ರಿಂಗ್ ಇರುತ್ತದೆ, ಅದು ಚಿಮ್ಮಿದರೆ ಕಣ್ಣಿಗೇ ಬರುತ್ತದೆ. ಕಣ್ಣು ಕಾಯುವ ಕನ್ನಡಕ ಹಾಕದೆ ಕೈ ಇಡಬೇಡಿ. ಹಿಂಜ್‌ಗೆ ಪ್ಲಸ್ ತಲೆಯ ದೊಡ್ಡ ಸ್ಕ್ರೂಗಳಿದ್ದರೆ ಸಾಮಾನ್ಯ ಸ್ಕ್ರೂಡ್ರೈವರ್ ಅದರ ತಲೆ ಕೆಡಿಸುತ್ತದೆ. ಸುತ್ತಿಗೆಯಿಂದ ಹೊಡೆದರೆ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಸಿಗುತ್ತದೆ, ಅದನ್ನೇ ತನ್ನಿ.

ಈಗ ಎಣ್ಣೆ. ಡಬ್ಲ್ಯೂಡಿ-40 ಎಲ್ಲರ ಮನೆಯಲ್ಲೂ ಇರುತ್ತದೆ, ಆದರೆ ಅದನ್ನು 1953ರಲ್ಲಿ ಮಾಡಿದ್ದು ಲೋಹದಿಂದ ನೀರು ದೂರ ಇಡಲು. ಕಚ್ಚಿಕೊಂಡ ತುಕ್ಕಿನೊಳಗೆ ಇಳಿಯಲು ಅದಕ್ಕೆಂದೇ ಮಾಡಿದ ಪೆನೆಟ್ರೇಟಿಂಗ್ ಆಯಿಲ್ ಬೇರೆ ಇದೆ. ಗೇರ್ ಆಯಿಲ್ ಅಲ್ಲ, ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್‌ಗೆ ಹಾಕುವ ಕೆಂಪು ಎಣ್ಣೆಯನ್ನು ಅಸಿಟೋನ್ ಜೊತೆ ಸಮಸಮ ಬೆರೆಸಿ ಹಾಕುವವರೂ ಇದ್ದಾರೆ. ಅದೂ ಕೆಲಸ ಮಾಡುತ್ತದೆ. ಎರಡೂ ಬೇಗ ಬೇರೆ ಆಗುತ್ತವೆ, ಪ್ರತಿ ಸಲ ಕುಲುಕಿ ಹಾಕಬೇಕು. ಅಸಿಟೋನ್ ಬಣ್ಣ ತಿನ್ನುತ್ತದೆ, ಬೆಂಕಿಯೂ ಬೇಗ ಹಿಡಿಯುತ್ತದೆ, ಜೋಪಾನ. ಯಾವ ಎಣ್ಣೆ ಅನ್ನೋದಕ್ಕಿಂತ ಎಷ್ಟು ಹೊತ್ತು ಅನ್ನೋದು ಮುಖ್ಯ. ಸಂಜೆ ಹಾಕಿ, ಸಣ್ಣ ಸುತ್ತಿಗೆಯಿಂದ ಸುತ್ತ ಮೆಲ್ಲಗೆ ತಟ್ಟಿ, ರಾತ್ರಿ ಬಿಡಿ. ಬೆಳಿಗ್ಗೆ ಮತ್ತೆ ಹಾಕಿ. ಹಿಂಜಿನ ಎರಡು ರೆಕ್ಕೆಗಳನ್ನು ಹಿಂದೆ ಮುಂದೆ ಆಡಿಸುತ್ತಾ ಇರಿ. ಸಂದಿಯಿಂದ ಕೆಂಪು ಪುಡಿ ಬರುತ್ತಿದ್ದರೆ ಎಣ್ಣೆ ಒಳಗೆ ಹೋಗಿದೆ ಅಂತ ಅರ್ಥ. ಆಗ ಸಂತೋಷಪಡಿ.

ಹೊಡೆಯುವ ಮೊದಲು ಪಿನ್ನಿನ ಎರಡೂ ತುದಿ ತಂತಿ ಬ್ರಶ್ ಹಾಕಿ ಉಜ್ಜಿ ನೋಡಿ. ಒಂದು ತುದಿಯಲ್ಲಿ ತಲೆ ಇರಬಹುದು, ಇಲ್ಲವೇ ಉದ್ದುದ್ದ ಸಣ್ಣ ಗೀರುಗಳ ಹಲ್ಲು ಇರಬಹುದು. ಆ ಹಲ್ಲೇ ಪಿನ್ ಜಾರದ ಹಾಗೆ ಹಿಡಿಯುವುದು. ಪಿನ್ ಆ ಕಡೆಯಿಂದಲೇ ಹೊರಗೆ ಬರಬೇಕು, ಏಟು ಎದುರು ತುದಿಗೆ ಬೀಳಬೇಕು. ಇದನ್ನು ನೋಡದೆ ಉಲ್ಟಾ ಹೊಡೆದವರೇ ಜಾಸ್ತಿ. ಮೊದಲೇ ಯಾರೋ ಹೊಡೆದು ತುದಿ ಅಗಲವಾಗಿದ್ದರೆ ಅರದಿಂದ ಉಜ್ಜಿ, ತೂತಿಗಿಂತ ಸಣ್ಣ ಮಾಡಿಕೊಳ್ಳಿ.

ದಪ್ಪ ಕಬ್ಬಿಣದ ತುಂಡಿನ ಮೇಲೆ ಒಂದು ಸಾಕೆಟ್ (ನಟ್ ಬಿಚ್ಚುವ, ಕೊಳವೆಯಂಥ ಪಾನಾ) ನಿಲ್ಲಿಸಿ. ಅದರ ಬಾಯಿ ಪಿನ್ನಿಗಿಂತ ಅಗಲ ಇರಬೇಕು, ಪಿನ್ ಅದರೊಳಗೆ ಇಳಿಯಬೇಕು. ಅದರ ಮೇಲೆ ಹಿಂಜಿನ ಕೊಳವೆ ನೇರವಾಗಿ ಕೂರಲಿ. ಸುತ್ತಿಗೆ ಏಟನ್ನು ಪಿನ್ನಿಗೆ ದಾಟಿಸುವ ಉಕ್ಕಿನ ಕಡ್ಡಿಗೆ ಪಂಚ್ ಅನ್ನುತ್ತಾರೆ, ಗಿಡ್ಡ, ದಪ್ಪದ್ದು ತಗೊಳ್ಳಿ. ಉದ್ದ ಸಪೂರ ಪಂಚ್ ಬಳುಕಿ ಏಟು ಹಾಳುಮಾಡುತ್ತದೆ. ಸುಮ್ನೆ ಟಕಟಕ ಅಂತ ತಟ್ಟುವ ಬದಲು ಭಾರದ ಸುತ್ತಿಗೆಯಿಂದ ಗಟ್ಟಿಯಾಗಿ ಒಂದು ಹಾಕಿ, ನೋಡಿ, ಮತ್ತೊಂದು ಹಾಕಿ. ಮೇಜಿಗೆ ಕೂರಿಸಿ ತಿರುಗಿಸಿ ಬಿಗಿಹಿಡಿಯುವ ವೈಸ್ ಇದ್ದರೆ ಇನ್ನೂ ಒಳ್ಳೆಯದು. ಒಂದು ಕಡೆ ಪಿನ್ನಿಗಿಂತ ಸಣ್ಣ ಸಾಕೆಟ್, ಇನ್ನೊಂದು ಕಡೆ ದೊಡ್ಡದು ಇಟ್ಟು ತಿರುಗಿಸುತ್ತಾ ಒತ್ತಿ. ಬಿಗಿಯಾದ ಮೇಲೆ ಬಲವಂತ ಮಾಡದೆ ಹಾಗೇ ಬಿಟ್ಟು, ಕೊಳವೆಯ ಪಕ್ಕಕ್ಕೆ ಒಂದೆರಡು ಏಟು ಹಾಕಿ. ಟಕ್ ಅಂತ ಶಬ್ದ ಬಂದರೆ ಬಿಟ್ಟಿತು ಅಂತಲೇ.

ಇಷ್ಟಕ್ಕೂ ಬರದಿದ್ದರೆ ಬೆಂಕಿ. ಇಲ್ಲಿ ಸ್ವಲ್ಪ ನಿಂತು ಕೇಳಿ. 1950, 60ರ ದಶಕದ ಶೆವರ್ಲೆ ಪಿಕಪ್‌ಗಳಲ್ಲಿ, 1972ರ ಮಾಡೆಲ್ ತನಕ, ಪೆಟ್ರೋಲ್ ಟ್ಯಾಂಕ್ ಕ್ಯಾಬಿನೊಳಗೇ, ಸೀಟಿನ ಹಿಂದೆ ಇರುತ್ತದೆ. ಬಾಗಿಲ ಹಿಂಜಿಗೂ ಅದಕ್ಕೂ ಎಷ್ಟು ದೂರ? ಖಾಲಿ ಟ್ಯಾಂಕ್ ಅಂತ ಧೈರ್ಯ ಮಾಡಬೇಡಿ, ಒಳಗಿನ ಆವಿಯೇ ಸಾಕು. ಹಿಂಜ್ ಗಾಡಿಯ ಮೇಲೆ ಇರುವಾಗ ಗ್ಯಾಸ್ ಉರಿಯ ಟಾರ್ಚ್ ಹಚ್ಚಲೇಬೇಡಿ. ಬಿಚ್ಚಿದ ಹಿಂಜನ್ನು ಬಯಲಿಗೆ ತನ್ನಿ, ಎಣ್ಣೆ ಒರೆಸಿ, ಹಳೇ ಬಣ್ಣ ಕೆರೆದು ತೆಗೆಯಿರಿ. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದು, ಹೊಗೆಯೂ ಧೂಳೂ ಒಳ್ಳೆಯದಲ್ಲ, ಮಾಸ್ಕ್ ಹಾಕಿ. ಬ್ರೇಕ್ ಕ್ಲೀನರ್ ಹಾಕಿ ಒರೆಸುವ ಅಭ್ಯಾಸ ಕೆಲವರಿಗಿದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಿಸಿಗೆ ಸಿಕ್ಕರೆ ಫಾಸ್ಜೀನ್ ಅನ್ನುವ ವಿಷದ ಗಾಳಿ ಹುಟ್ಟುತ್ತದೆ. ದಯವಿಟ್ಟು ಬೇಡ.

ಕಾಯಿಸಬೇಕಾದದ್ದು ಹೊರಗಿನ ಕೊಳವೆಯನ್ನು, ಪಿನ್ನನ್ನಲ್ಲ. 8 ಮಿಲಿಮೀಟರ್ ತೂತಿರುವ ಉಕ್ಕು 300 ಡಿಗ್ರಿ ಬಿಸಿಯಾದರೆ ತೂತು ಸುಮಾರು 0.03 ಮಿಲಿಮೀಟರ್ ಹಿಗ್ಗುತ್ತದೆ. ತಲೆಕೂದಲಿಗಿಂತ ಕಮ್ಮಿ, ಆದರೂ ತುಕ್ಕಿನ ಪದರ ಬಿರುಕು ಬಿಡಲು ಅಷ್ಟು ಸಾಕು. ಆಮೇಲೆ ಉರಿ ಆರಿಸಿ, ಬಿಸಿ ಇಳಿಯುತ್ತಿರುವಾಗ ಸಂದಿಗೆ ಮೇಣದಬತ್ತಿ ಮುಟ್ಟಿಸಿ. ಮೇಣ ಕರಗಿ ಒಳಗೆ ಎಳೆದುಕೊಳ್ಳುತ್ತದೆ. ನೀರು ಸುರಿದು ತಣ್ಣಗೆ ಮಾಡಬೇಡಿ, ಹಿಂಜ್ ಸೀಳಬಹುದು. ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ. ಮೊದಲ ಸಲಕ್ಕೆ ಬರಲಿಲ್ಲ ಅಂತ ಬೇಸರ ಬೇಡ.

ಕೊನೆಗೆ ಡ್ರಿಲ್. ಕೈಯಲ್ಲಿ ಹಿಡಿಯುವ ಡ್ರಿಲ್‌ನಲ್ಲಿ ನೇರ ಹೋಗುವುದು ಕಷ್ಟ, ಕಂಬದ ಡ್ರಿಲ್ ಮಷಿನ್ ಇರುವ ವರ್ಕ್‌ಶಾಪ್‌ಗೆ ಕೊಡಿ. ಪೂರ್ತಿ ಕೊರೆಯಬೇಕಾಗಿಲ್ಲ. ನಡುವೆ ತೂತಾದರೆ ಪಿನ್ನಿನ ಬಿಗಿ ಸಡಿಲುತ್ತದೆ, ಆಮೇಲೆ ಪಂಚ್‌ಗೆ ಬಗ್ಗುತ್ತದೆ.

ಹೊಸ ಪಿನ್ ಹಾಕುವಾಗ ತೂತು ಸ್ವಚ್ಛ ಮಾಡಿ, ಗ್ರೀಸ್ ಸವರಿ. ಪಿನ್ನಿನ ಸುತ್ತ ಕೂರುವ ಹಿತ್ತಾಳೆ ಬಳೆ, ಅಂದರೆ ಬುಷ್, ಇದ್ದರೆ ಅದನ್ನೂ ಹೊಸದೇ ಹಾಕಿ. ಬುಷ್ ಮೆತ್ತಗಿನದು, ಸುತ್ತಿಗೆಗೆ ಬದಲು ವೈಸ್‌ನಲ್ಲಿ ಒತ್ತಿ ಕೂರಿಸಿ. ಬಾಗಿಲು ತೂಗಿಹಾಕಿದ ಮೇಲೆ ಬೋಲ್ಟ್ ಅರ್ಧ ಬಿಗಿ ಮಾಡಿ, ಹಾಕಿದ್ದ ಗೀರಿಗೆ ಸರಿಹೊಂದಿಸಿ. ಕಂಬದಲ್ಲಿ ಚಿಲಕ ಕಚ್ಚುವ ತುಂಡನ್ನು ಆಗ ತೆಗೆದಿಟ್ಟಿರಿ. ಅದು ಇದ್ದರೆ ಬಾಗಿಲನ್ನು ತಾನೇ ಎತ್ತಿ ಹಿಡಿದು, ಸರಿ ಇದೆ ಅಂತ ನಂಬಿಸುತ್ತದೆ. ಬಾಗಿಲು ಮೆಲ್ಲಗೆ ಮುಚ್ಚಿ ಸುತ್ತಲಿನ ಸಂದಿ ಒಂದೇ ಸಮ ಇದೆಯೋ ನೋಡಿ, ಆಮೇಲೆ ಪೂರ್ತಿ ಬಿಗಿ ಮಾಡಿ, ಚಿಲಕದ ತುಂಡು ಕೊನೆಗೆ ಹಾಕಿ.