ಭಾಗವತರ ಕೈಗೆ ಕುಣಿದ ಯಂತ್ರದ ಗೊಂಬೆ: ನನ್ನ ಅನುಭವ

ಯಕ್ಷಗಾನದಲ್ಲಿ ರಂಗದ ಮೇಲೆಯೇ ಕುಳಿತು ಹಾಡಿ, ಚೆಂಡೆ ಮದ್ದಳೆ ನುಡಿಸುವ ಹಿಮ್ಮೇಳಕ್ಕೆ ಯಂತ್ರ ಹೆಜ್ಜೆ ಹಾಕಲಾರದು ಎಂದು ಉಡುಪಿಯಲ್ಲಿ ನನಗೆ ಹೇಳದವರಿಲ್ಲ. ತೈವಾನಿನ ನೃತ್ಯ ಸಂಯೋಜಕ ಹುವಾಂಗ್ ಯಿ ಅವರು ಕಾರ್ಖಾನೆಗಳಲ್ಲಿ ಬಳಸುವ ಕೂಕಾ ರೋಬೋಟ್ ತೋಳಿನ ಜತೆ ನರ್ತಿಸಿದ್ದಾರೆ. ಆದರೆ ಅಲ್ಲಿ ತೋಳಿನ ಚಲನೆಯನ್ನು ಮೊದಲೇ ಬರೆದಿಡಲಾಗಿರುತ್ತದೆ. ನಮ್ಮ ಬಡಗುತಿಟ್ಟು ಯಕ್ಷಗಾನದಲ್ಲಿ ತಾಳ ಹಿಡಿದು ಹಾಡುವ ಭಾಗವತರು ವೇಷಧಾರಿಯ ಹುರುಪು ನೋಡಿ ಅಲ್ಲಿಯೇ ಕಾಲ (ಲಯದ ವೇಗ) ಏರಿಸುತ್ತಾರೆ, ಸಾಲನ್ನು ಮತ್ತೊಮ್ಮೆ ಎತ್ತಿಕೊಳ್ಳುತ್ತಾರೆ, ಮುಕ್ತಾಯವನ್ನು ಮುಂದಕ್ಕೆ ಹಾಕುತ್ತಾರೆ. ಈ ವರ್ಷ ನನ್ನ ಮೂರೂವರೆ ಅಡಿಯ ಗೊಂಬೆ ಆ ಮುಕ್ತಾಯಕ್ಕೆ ವೇಷಧಾರಿಯೊಂದಿಗೇ ನಿಂತಿತು.

ಮೊದಲ ಗೊಂಬೆಯ ಭುಜ, ಮೊಣಕೈ, ಮಂಡಿಗಳಲ್ಲೇ ಎಂಜಿ996ಆರ್ ಸರ್ವೋಗಳನ್ನು (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರುಗಳನ್ನು) ಕೂರಿಸಿದ್ದೆ. ಮೊಣಕೈ ಮೋಟಾರಿನ ಭಾರವನ್ನೂ ಭುಜದ ಮೋಟಾರೇ ಹೊರಬೇಕಾಗಿದ್ದರಿಂದ ಅದು ಕಾದು, ಒಂದು ಪದ್ಯ ಮುಗಿಯುವುದರೊಳಗೆ ಕೈ ಇಳಿಬೀಳುತ್ತಿತ್ತು. ಏಳೆಂಟು ಸಾವಿರ ರೂಪಾಯಿ ಹಾಗೆಯೇ ಹೋಯಿತು. ಉಪ್ಪಿನಕುದ್ರುವಿನ ಸೂತ್ರದ ಗೊಂಬೆಯಾಟದಲ್ಲಿ ಶ್ರಮವೆಲ್ಲ ಮೇಲಿನ ಕೈಗಳದು, ಗೊಂಬೆಯ ಮೈ ಹಗುರ. ನಾನೂ ಮೋಟಾರುಗಳನ್ನು ಮೇಲಿನ ಚೌಕಟ್ಟಿಗೆ ಸಾಗಿಸಿ ತಂಗೂಸಿಯಿಂದ (ಮೀನು ಹಿಡಿಯುವ ದಾರದಿಂದ) ಕೈಕಾಲು ಎಳೆಸಿದೆ. ಒಂಟಿ ಎಳೆಯ ನೈಲಾನ್ ತಂಗೂಸಿ ಹಿಗ್ಗಿ ಹಸ್ತ ತಡವಾಗಿ ಏಳುತ್ತಿತ್ತು. ಮಲ್ಪೆಯಿಂದ ತಂದ ಹೆಣೆದ ದಾರ ಹಾಕಿದ ಮೇಲೆ ಆ ತೊಂದರೆ ತೀರಿತು.

ನಿಜವಾದ ಕಷ್ಟ ಇದ್ದದ್ದು ತಾಳದಲ್ಲಿ. ಮೈಕ್ ಇಟ್ಟರೆ ಚೆಂಡೆಯ ಅಬ್ಬರದಲ್ಲಿ ತಾಳದ ಪೆಟ್ಟು ಮುಳುಗುತ್ತಿತ್ತು. ಪೆಟ್ಟು ಕೇಳಿಸಿದರೂ, ಅದನ್ನು ಗುರುತಿಸಿ, 60 ಡಿಗ್ರಿ ತಿರುಗಲು ಸುಮಾರು 0.15 ಸೆಕೆಂಡು ಬೇಡುವ ಸರ್ವೋವನ್ನು ಹೊರಡಿಸುವಷ್ಟರಲ್ಲಿ ವೇಗದ ಲಯದಲ್ಲಿ ಮುಂದಿನ ಪೆಟ್ಟು ಹತ್ತಿರವಾಗಿರುತ್ತಿತ್ತು. ಪೆಟ್ಟು ಕೇಳಿದ ಮೇಲಷ್ಟೇ ಹೊರಡುವ ಯಂತ್ರ ಯಾವಾಗಲೂ ಹಿಂದೆಯೇ ಉಳಿಯುತ್ತದೆ. ಪೆಟ್ಟು ಬೀಳುವ ಮೊದಲು ಭಾಗವತರ ಕೈ ಏಳುತ್ತದೆ ಎಂಬುದು ದಾರಿ ತೋರಿಸಿತು. ಇನ್ನೂರು ರೂಪಾಯಿಯ ಆಸುಪಾಸಿನ ಎಂಪಿಯು6050 ಎಂಬ ಚಲನೆ ಅಳೆಯುವ ಸಂವೇದಕವನ್ನು ಅವರ ಮಣಿಕಟ್ಟಿಗೆ ಕಟ್ಟಿ, ಕೈ ಏಳುವ ಬಗೆಯಿಂದ ಮುಂದಿನ ಪೆಟ್ಟಿನ ಹೊತ್ತನ್ನು ಊಹಿಸಲು ಉದಾಹರಣೆಗಳಿಂದ ಕಲಿಯುವ ಪುಟ್ಟದೊಂದು ನ್ಯೂರಲ್ ಜಾಲವನ್ನು ಪಳಗಿಸಿದೆ. ಕಾಲ ಏರುವಾಗ ಆ ಕೈ ಏಳುವ ಎತ್ತರ ಕುಗ್ಗುವುದನ್ನು ಜಾಲ ತಾನಾಗಿ ಹಿಡಿದುಕೊಂಡಿತು, ಈ ಬಗ್ಗೆ ನನಗೆ ಹೆಮ್ಮೆಯಿದೆ. ಮುಕ್ತಾಯವನ್ನು ಎಷ್ಟು ಆವರ್ತದ (ತಾಳದ ಸುತ್ತಿನ) ಮೊದಲು, ಯಾವ ಗುರುತಿನಿಂದ ಹಿಡಿಯುತ್ತೇನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇದರ ನಡುವೆ, ವೇಷಧಾರಿಯ ಹೆಜ್ಜೆಯನ್ನು ಕ್ಯಾಮೆರಾದಿಂದಲೇ ಕಲಿಸಬಹುದೇ ಎಂದೂ ನೋಡಿದೆ. ಮೀಡಿಯಾಪೈಪ್ ಎಂಬ ತಂತ್ರಾಂಶ ಚಿತ್ರದಲ್ಲಿನ ದೇಹದಲ್ಲಿ 33 ಬಿಂದುಗಳನ್ನು ಗುರುತಿಸುತ್ತದೆ. ಆದರೆ ಭುಜಕೀರ್ತಿ, ಎದೆಕಟ್ಟು, ದೊಡ್ಡ ಮುಂಡಾಸು ಬಂದ ಕೂಡಲೇ ಭುಜದ ಬಿಂದು ಎಲ್ಲೆಲ್ಲಿಗೋ ಜಿಗಿಯುತ್ತಿತ್ತು. ಕೊನೆಗೆ ಕಲಾವಿದರು ವೇಷವಿಲ್ಲದೆ, ಬನಿಯನ್ ತೊಟ್ಟು ಅಭ್ಯಾಸ ಮಾಡುವಾಗ ಚಿತ್ರೀಕರಿಸಿದ ಹೆಜ್ಜೆಗಳನ್ನೇ ಗೊಂಬೆಗೆ ಕೊಟ್ಟೆ. ಮಂಡಿಯೂರಿ ಸುತ್ತುವ ಮಂಡಿ ಕುಣಿತವನ್ನು ಕೈಬಿಟ್ಟೆ, ದಾರಗಳು ಸಿಕ್ಕಾಗುತ್ತವೆ.

ನೆನಪಿನಿಂದ ಹೇಳುವುದಾದರೆ ಒಟ್ಟು ಖರ್ಚು ಎಪ್ಪತ್ತು ಸಾವಿರದ ಆಚೀಚೆ. ಅದರಲ್ಲಿ ಅರ್ಧದಷ್ಟು ಸುಟ್ಟ ಮೋಟಾರುಗಳಿಗೆ ಮತ್ತು ಕಡಲಗಾಳಿಗೆ ತುಕ್ಕು ಹಿಡಿದ ಸ್ಕ್ರೂ, ಬೇರಿಂಗುಗಳಿಗೆ ಹೋಗಿದೆ. ಸ್ಟೇನ್‌ಲೆಸ್ ಸ್ಟೀಲಿಗೆ ಮೊದಲೇ ಹಣ ಹಾಕುವುದೇ ಅಗ್ಗ. ಏಕತಾಳದಲ್ಲಿ ಗೊಂಬೆ ಈಗ ತಪ್ಪುವುದಿಲ್ಲ. ಹತ್ತು ಅಕ್ಷರದ (ಎಣಿಕೆಯ) ಝಂಪೆ ತಾಳದಲ್ಲಿ ಭಾಗವತರು ಕಾಲ ಬದಲಿಸಿದರೆ ಮೊದಲ ಆವರ್ತದಲ್ಲಿ ತಡವರಿಸುತ್ತದೆ. ಮಳೆಗಾಲದ ಬಿಡುವಿನಲ್ಲಿ ಅದೇ ಕೆಲಸ ಹಿಡಿಯಲಿದ್ದೇನೆ.