ಹಣ ಬಂತಾ ಎಂದು ನಾನು ನೋಡುವ ಕ್ರಮ

ಬದಿಯಡ್ಕದ ಹತ್ತಿರ ನನ್ನದೊಂದು ಚಿಕ್ಕ ಅಂಗಡಿ. ಪೈಪು, ಮೊಳೆ, ತೋಟದ ಸಾಮಾನು, ಮೈಲುತುತ್ತು. ಅಡಿಕೆಗೆ ಮದ್ದು ಬಿಡುವ ಸಮಯದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಪೆರ್ಲ, ಮುಳ್ಳೇರಿಯದವರಲ್ಲದೆ ಅಡ್ಕಸ್ಥಳ ದಾಟಿ ಪುತ್ತೂರು ಕಡೆಯವರೂ ಬರುತ್ತಾರೆ. ಒಬ್ಬೊಬ್ಬರ ಬಿಲ್ಲು ಸಾವಿರಗಟ್ಟಲೆ. ಹೆಚ್ಚಿನವರು ಸ್ಕ್ಯಾನ್ ಮಾಡಿಯೇ ಕೊಡುವುದು. ಮೋಸ ಮಾಡುವವರಿಗೂ ಇದೇ ಹೊತ್ತು ಬೇಕು. ಮೈಲುತುತ್ತಿನಲ್ಲಿ ಲಾಭ ತೀರಾ ಕಡಿಮೆ. ಒಂದು ಬಿಲ್ಲು ಹೋದರೆ ಆ ವಾರದ ಲಾಭವೇ ಹೋದ ಹಾಗೆ.

ಈಗ ಬರುವ ನಕಲಿ ಆ್ಯಪ್‌ಗಳು ಹಳೆಯ ಸ್ಕ್ರೀನ್‌ಶಾಟ್‌ನಂತಲ್ಲ. ನಮ್ಮ ಕ್ಯೂಆರ್ ಸ್ಕ್ಯಾನ್ ಮಾಡಿದರೆ ನಮ್ಮ ಅಂಗಡಿಯ ಹೆಸರೇ ಬರುತ್ತದೆ. ಮೊತ್ತ ಹಾಕಿದರೆ ಹಸಿರು ಗುರುತು, ಟಿಂಗ್ ಎಂಬ ಶಬ್ದ, ಹನ್ನೆರಡು ಅಂಕೆಯ ನಂಬರು, ಎಲ್ಲವೂ ಇರುತ್ತವೆ. ಹಣ ಮಾತ್ರ ಹೊರಟೇ ಇರುವುದಿಲ್ಲ. ಹಾಗಾಗಿ ಗಿರಾಕಿಯ ಫೋನು ನೋಡಿ ಸಾಮಾನು ಕೊಡುವುದನ್ನು ನಾನು ನಿಲ್ಲಿಸಿದ್ದೇನೆ. ಅವರು ತೋರಿಸಿದರೂ ನೋಡುವುದಿಲ್ಲ. ನಮ್ಮ ಕಡೆ ಏನು ಬಂತು ಎಂಬುದಷ್ಟೇ ಲೆಕ್ಕ.

ಸೌಂಡ್ ಬಾಕ್ಸ್ ಇದೆಯಲ್ಲ ಎನ್ನಬಹುದು. ಇದೆ, ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಮೂರು ಜನ ಒಟ್ಟಿಗೆ ಸ್ಕ್ಯಾನ್ ಮಾಡಿದಾಗ ಕೂಗಿದ ಮೊತ್ತ ಯಾರದು ಎಂಬುದೂ ಗೊತ್ತಾಗುವುದಿಲ್ಲ. ಅದಕ್ಕೆ ವ್ಯಾಪಾರಿ ಆ್ಯಪ್ ಇರುವ ಫೋನೊಂದನ್ನು ಗಲ್ಲಾದ ಪಕ್ಕ ಇಟ್ಟಿದ್ದೇನೆ. ದೊಡ್ಡ ಬಿಲ್ಲಾದರೆ ಅದರಲ್ಲಿ ಹೆಸರು, ಮೊತ್ತ ನೋಡಿ, ಯುಟಿಆರ್ ನಂಬರಿನ, ಅಂದರೆ ಪ್ರತಿ ಪಾವತಿಗೂ ಬೀಳುವ ಆ ಹನ್ನೆರಡು ಅಂಕೆಯ ಗುರುತಿನ ನಂಬರಿನ, ಕೊನೆಯ ನಾಲ್ಕು ಅಂಕೆ ಬಿಲ್ಲಿನ ಮೇಲೆ ಬರೆಯುತ್ತೇನೆ. ಆಮೇಲೆಯೇ ಗೋಣಿ ಜೀಪಿಗೆ ಏರುವುದು.

ಈ ಹನ್ನೆರಡು ಅಂಕೆಗಳ ವಿಷಯ ಸ್ವಲ್ಪ ಹೇಳಬೇಕು. ಸಾಮಾನ್ಯವಾಗಿ ಮೊದಲನೆಯದು ಇಸವಿಯ ಕೊನೆಯ ಅಂಕೆ. ನಂತರದ ಮೂರು, ಆ ದಿನ ವರ್ಷದ ಎಷ್ಟನೆಯ ದಿನ ಎಂಬುದು. 2025ರ ಜೂನ್ 10 ಆ ವರ್ಷದ 161ನೆಯ ದಿನ. ಆದ್ದರಿಂದ ಆ ದಿನದ ನಂಬರು 5161ರಿಂದ ಶುರುವಾಗುತ್ತದೆ. "ನಿನ್ನೆಯೇ ಕಳಿಸಿದ್ದೆ ಅಣ್ಣಾ, ನೋಡಿ" ಎಂದು ಯಾರಾದರೂ ವಾಟ್ಸ್ಯಾಪಿನಲ್ಲಿ ಚಿತ್ರ ಹಾಕಿದರೆ ಮೊದಲು ಈ ನಾಲ್ಕು ಅಂಕೆ ನೋಡುತ್ತೇನೆ. ತಾರೀಕು ತಿದ್ದುವವರು ನಂಬರನ್ನು ಹಾಗೆಯೇ ಬಿಟ್ಟಿರುತ್ತಾರೆ. ಇದು ಸಂಶಯಕ್ಕೆ ದಾರಿ ಅಷ್ಟೆ, ತೀರ್ಮಾನ ಅಲ್ಲ. ತೀರ್ಮಾನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ನಂಬರು ಇದೆಯೋ ಇಲ್ಲವೋ ಎಂಬುದರಲ್ಲೇ.

ರಾತ್ರಿ ಬಾಗಿಲು ಹಾಕುವ ಮೊದಲು ಬಿಲ್ಲು ಪುಸ್ತಕ, ಆ್ಯಪಿನ ಪಟ್ಟಿ ಎರಡನ್ನೂ ಎದುರಿಗಿಟ್ಟು ತಾಳೆ ನೋಡುತ್ತೇನೆ. ಬೆಳಗ್ಗೆ ಕ್ಯೂಆರ್ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿದ್ದಾರೋ ಎಂದು ನೋಡಲು ಮಗಳ ಫೋನಿನಿಂದ ಒಂದು ರೂಪಾಯಿ ಕಳಿಸುತ್ತೇನೆ. ಇನ್ನು, "ಜಾಸ್ತಿ ಹಾಕಿಬಿಟ್ಟೆ, ವಾಪಸ್ ಕಳಿಸಿ" ಎಂಬ ಕರೆ ಬಂದರೆ ಎಸ್‌ಎಂಎಸ್ ನಂಬದೆ ಖಾತೆ ನೋಡುತ್ತೇನೆ. ಹಣ ಪಡೆಯಲು ಪಿನ್ ಹಾಕಬೇಕು ಎಂದರೆ ಅಲ್ಲಿಗೇ ಫೋನು ಇಡುತ್ತೇನೆ. ಪಿನ್ ಬೇಕಾಗುವುದು ಕೊಡುವುದಕ್ಕೆ, ಪಡೆಯುವುದಕ್ಕಲ್ಲ.

ಆದರೆ ಹಣ ಬರಲಿಲ್ಲ ಎಂದ ಮಾತ್ರಕ್ಕೆ ಎದುರಿಗಿದ್ದವರು ಕಳ್ಳರಲ್ಲ. ಎಷ್ಟೋ ಸಲ ಅವರ ಖಾತೆಯಿಂದ ನಿಜವಾಗಿಯೂ ಹಣ ಕಟ್ ಆಗಿರುತ್ತದೆ, ನಮಗೆ ಮುಟ್ಟಿರುವುದಿಲ್ಲ. ಇದಕ್ಕೆ ರಿಸರ್ವ್ ಬ್ಯಾಂಕಿನ 2019ರ ನಿಯಮ ಇದೆ. ಅಂಗಡಿಗೆ ಮುಟ್ಟದ ಯುಪಿಐ ಹಣ ಐದು ದಿನದೊಳಗೆ ತಾನಾಗಿ ಗಿರಾಕಿಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ನಾನು ಇದನ್ನು ಮೆಲ್ಲಗೆ ಹೇಳುತ್ತೇನೆ. ಪರಿಚಯದವರಾದರೆ ಬಿಲ್ಲು ಬರೆದು ಸಾಮಾನು ಕೊಟ್ಟುಬಿಡುತ್ತೇನೆ. ನಾಲ್ಕು ಜನರೆದುರು ಯಾರನ್ನೂ ಸಂಶಯದಿಂದ ನೋಡಬಾರದು. ಒಬ್ಬ ಕೃಷಿಕನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ಅಂಗಡಿಯವರಿಗೆ ಹೆಚ್ಚು ಗೊತ್ತಿಲ್ಲದ ಇನ್ನೊಂದು ಪೆಟ್ಟು ಇದೆ. ಇಲ್ಲಿ ಹಣ ಸರಿಯಾಗಿಯೇ ಬರುತ್ತದೆ, ಆದರೆ ಅದು ಬೇರೆ ಯಾರಿಂದಲೋ ಕದ್ದದ್ದು. ಮೋಸಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ ಮೇಲೆ ಆ ಹಣ ಖಾತೆಯಿಂದ ಖಾತೆಗೆ ಎಲ್ಲೆಲ್ಲಿ ಹೋಯಿತು ಎಂದು ಹಿಂಬಾಲಿಸುತ್ತಾರೆ. ಆ ಸರಪಳಿಯ ತುದಿಯಲ್ಲಿ ನಮ್ಮ ಅಂಗಡಿ ಇದ್ದರೆ ಖಾತೆಗೆ ತಡೆ ಬೀಳುತ್ತದೆ. ನನಗೂ ಬಿತ್ತು. ಯಾರೋ ಪಂಪ್ ಸೆಟ್ ಕೊಂಡು ಹೋಗಿದ್ದರು. ಕೆಲವು ದಿನಗಳ ನಂತರ ಸಪ್ಲೈಯರಿಗೆ ಕೊಟ್ಟ ಚೆಕ್ಕು ವಾಪಸಾಯಿತು. ವಿಚಾರಿಸಿದರೆ, ದೂರದ ರಾಜ್ಯವೊಂದರ ಪೊಲೀಸರ ಸೂಚನೆಯಂತೆ ಇಡೀ ಖಾತೆಯನ್ನೇ ನಿಲ್ಲಿಸಿದ್ದರು.

ಮೊದಲು ಬ್ಯಾಂಕಿನಿಂದ ದೂರಿನ ನಂಬರು, ಠಾಣೆಯ ಹೆಸರು, ತಡೆಹಿಡಿದ ಮೊತ್ತ ಬರೆಸಿಕೊಂಡೆ. ಈ ಮೂರು ಸಿಗದೆ ಯಾರಿಗೆ ಏನೆಂದು ಬರೆಯುವುದು? ಆಮೇಲೆ ಆ ಠಾಣೆಗೆ ಇಮೇಲ್ ಮಾಡಿದೆ. ಜಿಎಸ್‌ಟಿ ಬಿಲ್ಲು, ಪಂಪಿನ ಸೀರಿಯಲ್ ನಂಬರು, ಬಿಲ್ಲಿನ ಮೇಲೆ ಬರೆದಿದ್ದ ಯುಟಿಆರ್ ಅಂಕೆ, ಆ ದಿನದ ಸ್ಟೇಟ್‌ಮೆಂಟು, ಎಲ್ಲವನ್ನೂ ಜೋಡಿಸಿದೆ. ಬ್ಯಾಂಕಿಗೆ ಬೇರೆ ಅರ್ಜಿ ಕೊಟ್ಟೆ. ಇಂಥ ಪ್ರಕರಣಗಳಲ್ಲಿ ಪೊಲೀಸರು ಹೇಳಿದ ಮೊತ್ತಕ್ಕೆ ಮಾತ್ರ ತಡೆ ಇರಬೇಕು, ಇಡೀ ಖಾತೆಗೆ ಬೇಡ ಎಂದು 2023ರಲ್ಲಿ ನಮ್ಮ ಕೇರಳದ ಹೈಕೋರ್ಟೇ ಹೇಳಿದ್ದನ್ನು ಅದರಲ್ಲಿ ಬರೆದೆ. ಮೊದಲು ಉಳಿದ ಹಣ ಬಿಟ್ಟರು. ಪಂಪಿನ ಹಣ ಬಿಡಲು ತುಂಬಾ ತಡವಾಯಿತು, ಆದರೂ ಬಂತು.

ಈಗ ಕ್ಯೂಆರ್‌ಗೆ ಪ್ರತ್ಯೇಕ ಖಾತೆ ಇದೆ. ಸಪ್ಲೈಯರಿಗೆ ಕೊಡುವ ಹಣ, ಮನೆಯ ಹಣ ಅದರಲ್ಲಿ ಇಡುವುದಿಲ್ಲ. ಪಂಪು, ಮೋಟಾರಿನಂಥ ದೊಡ್ಡ ಸಾಮಾನಿಗೆ ಬಿಲ್ಲಿನಲ್ಲಿ ಗಿರಾಕಿಯ ಹೆಸರು, ಊರು ಬರೆಯದೆ ಕೊಡುವುದೂ ಇಲ್ಲ. ಆ ಬಿಲ್ಲುಗಳ ಫೈಲು ಕಪಾಟಿನ ಮೇಲಿನ ಅರೆಯಲ್ಲಿದೆ. ಈ ರೀತಿ ತಡೆ ಬಿದ್ದ ಅಂಗಡಿಯವರು ಯಾರಾದರೂ ಬಂದರೆ ನಾನು ಕಳಿಸಿದ ಇಮೇಲಿನ ಪ್ರತಿಯನ್ನೂ ಕೊಡುತ್ತೇನೆ. ಹೆಸರು, ಮೊತ್ತ ಬದಲಿಸಿದರೆ ಸಾಕು.