ಮಂಜಿನ ಫೋಟೊ ಮಂಕಾಗಿದೆಯಾ? ಮೊಬೈಲಿನಲ್ಲೇ ತಿದ್ದಿ

ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ನೋಡುವಾಗ ಬೆಳ್ಳಗಿದ್ದ ಮಂಜು, ಮನೆಗೆ ಬಂದು ಫೋಟೊ ತೆರೆದರೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಮೊಬೈಲ್ ಕೆಟ್ಟಿಲ್ಲ. ಎದುರಿಗೆ ಬಿಳಿಯೇ ಜಾಸ್ತಿ ಇದ್ದರೆ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ಲೆಕ್ಕ ಹಾಕಿ ಚಿತ್ರವನ್ನು ಮಂಕು ಮಾಡುತ್ತದೆ. ಕೊಡವರ ಕಪ್ಪು ನಿಲುವಂಗಿ ಕುಪ್ಯ ತೊಟ್ಟವರನ್ನು ಹತ್ತಿರದಿಂದ ತೆಗೆದಾಗ ಇದರ ಉಲ್ಟಾ. ಕಪ್ಪು ಕಂಡು ಬೆಳಕು ಏರಿಸುತ್ತದೆ, ಕುಪ್ಯ ಬೂದು ಬಣ್ಣಕ್ಕೆ ತಿರುಗಿ ಮುಖ ಬಿಳಚಿಕೊಳ್ಳುತ್ತದೆ.

ಎರಡನ್ನೂ ಮನೆಯಲ್ಲೇ ಸರಿಪಡಿಸಬಹುದು. ಫೋಟೊ ತಿದ್ದಲು ಮೊಬೈಲಿಗೆ ಸ್ನ್ಯಾಪ್‌ಸೀಡ್ ಆ್ಯಪ್, ಕಂಪ್ಯೂಟರಿಗೆ ಗಿಂಪ್ ತಂತ್ರಾಂಶ ಸಾಕು. ಎರಡೂ ಉಚಿತ.

ಮೊದಲು ಮೂಲ ಫೋಟೊದ ಒಂದು ಪ್ರತಿ ಮಾಡಿಟ್ಟುಕೊಳ್ಳಿ. ಮೊಬೈಲಿನ ನೈಟ್ ಲೈಟ್ ಆಫ್ ಮಾಡಿ. ಅದು ಪರದೆಯನ್ನೇ ಹಳದಿ ಮಾಡುವುದರಿಂದ ಬಣ್ಣದ ಅಂದಾಜು ತಪ್ಪುತ್ತದೆ.

ನಂತರ ಓರೆ ತಿದ್ದಿ. ಕೊಡಗಿನಲ್ಲಿ ಬೆಟ್ಟದ ಸಾಲನ್ನು ನಂಬಿ ನೇರ ಮಾಡಲು ಹೋದರೆ ಚಿತ್ರ ಇನ್ನಷ್ಟು ವಾಲುತ್ತದೆ. ಮನೆಯ ಕಂಬವನ್ನೋ ತೋಟದ ಸಿಲ್ವರ್ ಓಕ್ ಮರವನ್ನೋ ಆಧಾರವಾಗಿ ಇಟ್ಟುಕೊಳ್ಳಿ. ಬೇಡದ ಅಂಚನ್ನು ಕ್ರಾಪ್ ಮಾಡಿ.

ಈಗ ಬಣ್ಣ. ಕಾಫಿ ತೋಟದ ನೆರಳಲ್ಲಿ ಎಲೆಗಳ ಹಸಿರು ಮುಖದ ಮೇಲೂ ಬೀಳುತ್ತದೆ. ವೈಟ್ ಬ್ಯಾಲೆನ್ಸ್‌ನಲ್ಲಿ ಟಿಂಟನ್ನು ಸ್ವಲ್ಪ ಗುಲಾಬಿಯ ಕಡೆಗೆ ಸರಿಸಿ. ಯಾರದ್ದಾದರೂ ಬಿಳಿ ಅಂಗಿ ಚಿತ್ರದಲ್ಲಿದ್ದರೆ ಅದನ್ನೇ ನೋಡಿಕೊಳ್ಳಿ. ಅಂಗಿ ಬಿಳಿಯಾಗಿ ಕಂಡರೆ ಮುಖವೂ ಬಹುಪಾಲು ಸರಿಯಾಗಿರುತ್ತದೆ.

ಬೆಳಕಿನ ಕೆಲಸಕ್ಕೆ ಮಾತ್ರ ತಾಳ್ಮೆ ಬೇಕು. ಮಂಜಿನ ಫೋಟೊದಲ್ಲಿ ಬ್ರೈಟ್‌ನೆಸ್ ನಿಧಾನವಾಗಿ ಏರಿಸಿ. ಮಂಜು ಬೆಳ್ಳಗಾಗಬೇಕು, ಆದರೆ ಅದರೊಳಗಿನ ಮರದ ಅಂಚು ಅಳಿಸಬಾರದು. ಅಲ್ಲಿಗೆ ನಿಲ್ಲಿಸಿ. ತುಂಬಾ ಜನ ಇಲ್ಲಿ ಸ್ಟ್ರಕ್ಚರ್, ಕಾಂಟ್ರಾಸ್ಟ್ ಎಲ್ಲ ಏರಿಸಿ ಮಂಜನ್ನೇ ಓಡಿಸಿಬಿಡುತ್ತಾರೆ. ಮಾಂದಲ್‌ಪಟ್ಟಿಗೆ ಹೋಗಿದ್ದೇ ಮಂಜಿಗಾಗಿ ಅಲ್ವಾ? ಅದನ್ನು ಉಳಿಸಿಕೊಳ್ಳಿ.

ಕುಪ್ಯದ ಫೋಟೊಗೆ ಬ್ರೈಟ್‌ನೆಸ್ ಇಳಿಸಿ, ಬಟ್ಟೆ ನಿಜವಾದ ಕಪ್ಪಾಗುವ ತನಕ. ಮಡಿಕೆಗಳು ಮುಚ್ಚಿಹೋದರೆ ಶ್ಯಾಡೋಸ್ ಒಂಚೂರು ಏರಿಸಿ. ಮುಖ ಕಪ್ಪಾಯಿತೆ? ಸೆಲೆಕ್ಟಿವ್ ಆರಿಸಿ ಕೆನ್ನೆಯ ಮೇಲೆ ಒತ್ತಿ, ಎರಡು ಬೆರಳಿನಿಂದ ವೃತ್ತವನ್ನು ಮುಖದಷ್ಟೇ ಅಗಲಕ್ಕೆ ತನ್ನಿ, ಅಲ್ಲಿಗೆ ಮಾತ್ರ ಬೆಳಕು ಕೊಡಿ. ಸ್ಯಾಚುರೇಶನ್ ಮುಟ್ಟುವಾಗ ಕಣ್ಣು ಸೊಂಟಕ್ಕೆ ಕಟ್ಟುವ ಕೆಂಪು ಚೇಲೆಯ ಮೇಲಿರಲಿ. ಕೆಂಪು ಬೇಗ ಕದಡುತ್ತದೆ. ನೇಯ್ಗೆಯ ಗೆರೆ ಕಾಣದಷ್ಟು ಕೆಂಪಾದರೆ ಹಿಂದಕ್ಕೆ ಬನ್ನಿ.

ಕಾಫಿ ಹೂವಿನ ವಿಷಯ ಬೇರೆ. ಬಿಸಿಲಿಗೆ ಎಸಳುಗಳು ಪೂರ್ತಿ ಬಿಳಿಯಾಗಿ ಬಿದ್ದಿದ್ದರೆ ಯಾವ ಆ್ಯಪ್‌ನಿಂದಲೂ ಅವು ವಾಪಸ್ ಬರುವುದಿಲ್ಲ. ಅಲ್ಲಿ ವಿವರ ದಾಖಲೇ ಆಗಿರುವುದಿಲ್ಲ. ತೆಗೆಯುವಾಗಲೇ ಹೂವಿನ ಮೇಲೆ ಒತ್ತಿ ಬೆಳಕು ತಗ್ಗಿಸಿ. ಹೂ ನಿಲ್ಲುವುದು ಕೆಲವೇ ದಿನ, ಹಾಗಾಗಿ ಇದನ್ನು ನೆನಪಿಡಿ.

ಅಡ್ಡ ಬಂದ ಕರೆಂಟ್ ವೈರನ್ನು ಹೀಲಿಂಗ್‌ನಲ್ಲಿ ಚಿಕ್ಕ ಚಿಕ್ಕ ತುಂಡಾಗಿ ಅಳಿಸಿ.

ಕೊನೆಗೆ ಸೇವ್. ಜೆಪೆಗ್ ಫೈಲನ್ನು ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದಷ್ಟೂ ಗುಣಮಟ್ಟ ಇಳಿಯುತ್ತದೆ. ಎಲ್ಲ ತಿದ್ದಿ ಒಂದೇ ಸಲ ಸೇವ್ ಮಾಡಿ. 6×4 ಇಂಚಿನ ಒಳ್ಳೆಯ ಪ್ರಿಂಟಿಗೆ 1800×1200 ಪಿಕ್ಸೆಲ್ ಬೇಕು. ಸ್ಟುಡಿಯೋಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ.